ಇಟಲಿಯ ಪಂದ್ಯ, ಕ್ಯಾಲಿಫೋರ್ನಿಯಾದ ಬೆಳಗು: ತಂಡದ ಪಟ್ಟಿ ಓದುವುದು ಹೇಗೆ?

ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಕಡೆಯ ಕನ್ನಡದ ಮನೆಗಳಲ್ಲಿ ಅಪ್ಪ-ಅಮ್ಮನ ಆಟ ಕ್ರಿಕೆಟ್, ಮಕ್ಕಳದು ಸಾಕರ್. ವಾರಾಂತ್ಯದ ಬೆಳಿಗ್ಗೆ ಮಕ್ಕಳು ಇಟಲಿಯ ಸೀರಿ ‘ಎ’ ಪಂದ್ಯ ಹಾಕಿದರೆ, ಸ್ಕೋರ್‌ಕಾರ್ಡ್ ಅರೆದು ಕುಡಿದ ಅಪ್ಪನೂ ಪರದೆಯ ಮುಂದೆ ಪೆಚ್ಚಾಗುತ್ತಾನೆ. ಅಷ್ಟೇನೂ ಕಷ್ಟವಿಲ್ಲ.

ಮೊದಲು ಗಡಿಯಾರ ಹೊಂದಿಸಿಕೊಳ್ಳಿ. ಇಟಲಿ ಕ್ಯಾಲಿಫೋರ್ನಿಯಾಕ್ಕಿಂತ 9 ಗಂಟೆ ಮುಂದೆ. ಅಲ್ಲಿ ರಾತ್ರಿ 8.45ರ ಪಂದ್ಯ ಇಲ್ಲಿ ಬೆಳಿಗ್ಗೆ 11.45ಕ್ಕೆ, ಮಧ್ಯಾಹ್ನ 3ರದ್ದು ಬೆಳಿಗ್ಗೆ 6ಕ್ಕೆ. ಮಾರ್ಚ್‌ನಲ್ಲಿ ಎರಡು-ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ ಈ ಅಂತರ 8 ಗಂಟೆಗೆ ಇಳಿಯುತ್ತದೆ. ಎರಡೂ ಕಡೆ ಗಡಿಯಾರ ತಿರುಗಿಸುವ ದಿನ ಬೇರೆ ಬೇರೆ.

ಪಂದ್ಯಕ್ಕೆ ಸುಮಾರು ಒಂದು ಗಂಟೆ ಮೊದಲು ಹನ್ನೊಂದರ ಪಟ್ಟಿ ಬರುತ್ತದೆ. ಅದಕ್ಕೂ ಮುಂಚೆ ಓಡಾಡುವುದೆಲ್ಲ ಊಹೆ, ನಂಬಬೇಡಿ. ಜೆರ್ಸಿ ಸಂಖ್ಯೆಯಿಂದ ಆಟಗಾರನ ಜಾಗ ಅಳೆಯಲೂ ಹೋಗಬೇಡಿ. ಇಬ್ರಾಹಿಮೊವಿಚ್ ಎಲ್ಎ ಗ್ಯಾಲಕ್ಸಿಯಲ್ಲಿ 9, ಅಲ್ಲಿಂದ 2020ರಲ್ಲಿ ಮಿಲಾನ್‌ಗೆ ಹೋದಾಗ 21. ಎರಡೂ ಕಡೆ ಗೋಲು ಹೊಡೆಯುವುದೇ ಕೆಲಸ. ನೋಡಬೇಕಾದದ್ದು 4-3-3, 3-5-2 ಎಂಬ ರಚನೆಯನ್ನು. ಗೋಲ್‌ಕೀಪರ್‌ನನ್ನು ಬಿಟ್ಟು ಹಿಂದಿನಿಂದ ಮುಂದಕ್ಕೆ ಎಣಿಸಿ: ಡಿಫೆಂಡರ್, ಮಿಡ್‌ಫೀಲ್ಡರ್, ಫಾರ್ವರ್ಡ್. 2022-23ರಲ್ಲಿ 33 ವರ್ಷಗಳ ಬಳಿಕ ಪ್ರಶಸ್ತಿ ಗೆದ್ದ ನಾಪೊಲಿಯದು 4-3-3. ಮುಂದಿನ ಮೂವರಲ್ಲಿ ನಡುವೆ ಒಸಿಮೆನ್, ಎಡಕ್ಕೆ ಕ್ವಾರತ್ಸ್‌ಖೇಲಿಯಾ. ಬಲಗಡೆ ಪೊಲಿಟಾನೊ ಇಲ್ಲವೇ ಲೊಸಾನೊ. ಆ ಲೊಸಾನೊ 2025ರಲ್ಲಿ ಸ್ಯಾನ್ ಡಿಯಾಗೊ ಎಫ್‌ಸಿಗೆ ಬಂದರು. 3-5-2 ಆದರೆ ಚೆಂಡು ಎದುರಾಳಿಯ ಬಳಿ ಇರುವಾಗ ಐವರ ಕಡೆ ಕಣ್ಣಿಡಿ: ಇಬ್ಬರು ಅಂಚಿನವರು ಹಿಂದೆ ಸರಿದು ಅದು 5-3-2 ಆಗುತ್ತದೆ.

ಹನ್ನೊಂದು ಜನರಲ್ಲಿ ಪಟ್ಟಿ ಮುಗಿಯಲಿಲ್ಲ, ಬೆಂಚನ್ನೂ ಓದಿ. ಒಂದು ತಂಡ ಐವರನ್ನು ಬದಲಿಸಬಹುದು, ಹೊರಹೋದವನು ಮತ್ತೆ ಬರುವಂತಿಲ್ಲ. ಐದೂ ಮುಗಿದ ಮೇಲೆ ಏನಾಗುತ್ತದೆ? 2023ರ ಅಕ್ಟೋಬರ್ 7ರಂದು ಜೆನೋವಾ ವಿರುದ್ಧ ಮಿಲಾನ್ 1-0 ಮುಂದಿತ್ತು. ಹೆಚ್ಚುವರಿ ಸಮಯದ ಕೊನೆಗೆ ಗೋಲ್‌ಕೀಪರ್ ಮೆಯ್ನಾನ್‌ಗೆ ಕೆಂಪು ಕಾರ್ಡ್. ಬದಲಿ ಇರಲಿಲ್ಲ. ಸ್ಟ್ರೈಕರ್ ಒಲಿವಿಯೆ ಜಿರೂ ಕೈಗವಸು ತೊಟ್ಟು ಗೋಲಿನಲ್ಲಿ ನಿಂತರು, ನುಗ್ಗಿ ಬಂದ ಚೆಂಡನ್ನು ತಡೆದು ಪಂದ್ಯ ಉಳಿಸಿಕೊಟ್ಟರು. ಮರುವರ್ಷ ಅವರು ಲಾಸ್ ಏಂಜಲೀಸ್‌ನ ಎಲ್‌ಎಎಫ್‌ಸಿ ಸೇರಿದರು.

ಇನ್ನು ಅಂಕಿಅಂಶ. ಚೆಂಡು ಯಾರ ಬಳಿ ಶೇಕಡಾ ಎಷ್ಟು ಹೊತ್ತು ಇತ್ತು ಎನ್ನುವುದನ್ನು ಎಲ್ಲಕ್ಕಿಂತ ಮೇಲೆ ತೋರಿಸುತ್ತಾರೆ. ನನ್ನ ಮಟ್ಟಿಗೆ ಅದನ್ನು ಕೊನೆಗೆ ನೋಡಬೇಕು. ಪ್ರಶಾಂತವಾಗಿ ಹಿಂದೆಯೇ ಪಾಸ್ ಮಾಡುತ್ತ ಕೂತವರಿಗೂ ಅಲ್ಲಿ ಶೇ 60 ಸಿಗುತ್ತದೆ, ವಿಕೆಟ್ ಕಾಯುತ್ತ ಓವರ್ ತಿಂದ ಬ್ಯಾಟ್ಸ್‌ಮನ್ ಹಾಗೆ. ಮೊದಲು ಶಾಟ್‌ಗಳು, ಅದರಲ್ಲೂ ಗೋಲಿನ ಗುರಿಗೆ ಹೋದವು. ಆಮೇಲೆ ಎಕ್ಸ್‌ಜಿ: ಪ್ರತಿ ಶಾಟ್ ಗೋಲಾಗುವ ಸಾಧ್ಯತೆಯನ್ನು 0 ಮತ್ತು 1ರ ನಡುವಿನ ಅಂಕಿಯಲ್ಲಿ ಅಳೆದು ಕೂಡಿಸಿದ ಮೊತ್ತ. ಪೆನಾಲ್ಟಿಯೊಂದಕ್ಕೆ 0.8ರ ಆಸುಪಾಸು. ಹಾಗಾಗಿ ತಂಡದ ಎಕ್ಸ್‌ಜಿ 1.5 ಇದ್ದು ಅದರಲ್ಲಿ ಪೆನಾಲ್ಟಿ ಇದ್ದರೆ, ಉಳಿದ ಆಟದಲ್ಲಿ ಹುಟ್ಟಿದ್ದು 0.7 ಮಾತ್ರ.

ಕಾರ್ನರ್‌ಗಳ ಸಂಖ್ಯೆಯನ್ನು ಪಟ್ಟಿಯ ಜೊತೆಗಿಟ್ಟು ಓದಿ. 2025ರ ಜೂನ್ 17ರಂದು ಪಸಡೀನಾದ ರೋಸ್ ಬೌಲ್‌ನಲ್ಲಿ ಇಂಟರ್ ಮಿಲಾನ್ ಮೇಲೆ ಮೆಕ್ಸಿಕೊದ ಮಾಂಟೆರ್ರೇ ಮೊದಲು ಗೋಲು ಹೊಡೆದದ್ದು ಕಾರ್ನರ್‌ನಿಂದ. ತಲೆಯಿಂದ ಚೆಂಡು ತೂರಿಸಿದವರು 39ರ ಡಿಫೆಂಡರ್ ಸೆರ್ಜಿಯೊ ರಾಮೋಸ್. ಲೌಟಾರೊ ಮಾರ್ಟಿನೆಜ್ ಸಮ ಮಾಡಿದರು, ಪಂದ್ಯ 1-1. ಎದುರಾಳಿಯಲ್ಲಿ ಅಂಥ ಎತ್ತರದ ಡಿಫೆಂಡರ್‌ಗಳಿದ್ದರೆ ಪ್ರತಿ ಕಾರ್ನರ್‌ಗೂ ಬೆಲೆ ಜಾಸ್ತಿ.

ಯಾರಿಗಾದರೂ ಕೆಂಪು ಕಾರ್ಡ್ ಸಿಕ್ಕಿದ್ದರೆ ಅದು ಎಷ್ಟನೇ ನಿಮಿಷದಲ್ಲಿ ಎಂದು ಗುರುತು ಹಾಕಿಕೊಂಡು, ಅಂಕಿಗಳನ್ನು ಅಲ್ಲಿಗೆ ಎರಡಾಗಿ ಒಡೆದು ಓದಿ. ಹತ್ತೇ ಜನರ ಎದುರು ಹೊಡೆದ ಶಾಟ್‌ಗಳನ್ನು ಹನ್ನೊಂದು ಜನರ ಎದುರು ಹೊಡೆದವುಗಳ ಜೊತೆ ಕೂಡಿಸಿದರೆ ಲೆಕ್ಕ ತಪ್ಪುತ್ತದೆ.