ಜೀವಮಾಹಿತಿ ವಿಜ್ಞಾನ: ಪುಣೆಯಲ್ಲಿ ವ್ಯಾಸಂಗ ಮತ್ತು ಉದ್ಯೋಗ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಇದಕ್ಕೆ ಕಾರಣವಾದ ವೈರಾಣುವನ್ನು ಗುರುತಿಸಿದವರು ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು. ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಮಲೆನಾಡಿನಲ್ಲಿ ಮಂಗನ ಕಾಯಿಲೆಯೆಂದು ಹೆಸರಾದ ಈ ರೋಗವು ಉಣ್ಣೆಗಳ ಕಡಿತದಿಂದ ಹರಡುತ್ತದೆ. 1957ರಿಂದ 2017ರವರೆಗಿನ ವೈರಾಣು ಮಾದರಿಗಳ ಆನುವಂಶಿಕ ಲಿಪಿಯನ್ನು ಪರಸ್ಪರ ಹೋಲಿಸಿ, ಅದು ಪಶ್ಚಿಮ ಘಟ್ಟಗಳಲ್ಲಿ ಮಾರ್ಪಾಡು ಹೊಂದುತ್ತ ಹಬ್ಬಿದ ಬಗೆಯನ್ನು ಈ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಇಂತಹ ಅಧ್ಯಯನಕ್ಕೆ ಆಧಾರವಾದ ಶಾಸ್ತ್ರವೇ ಜೀವಮಾಹಿತಿ ವಿಜ್ಞಾನ, ಅಂದರೆ ಬಯೋಇನ್‌ಫರ್ಮ್ಯಾಟಿಕ್ಸ್.

ಇದರ ಕಾರ್ಯವಿಧಾನ ಕನ್ನಡ ಓದುಗರಿಗೆ ತೀರ ಅಪರಿಚಿತವೇನಲ್ಲ. ಹಳಗನ್ನಡ ಕಾವ್ಯವೊಂದರ ಓಲೆಪ್ರತಿಗಳನ್ನು ಎದುರುಬದುರಾಗಿಟ್ಟು, ಲಿಪಿಕಾರರ ತಪ್ಪುಗಳನ್ನೂ ಬಿಟ್ಟುಹೋದ ಅಕ್ಷರಗಳನ್ನೂ ಗುರುತಿಸಿ, ಯಾವ ಪ್ರತಿಯಿಂದ ಯಾವುದು ಹುಟ್ಟಿತೆಂದು ಗ್ರಂಥಸಂಪಾದಕರು ನಿರ್ಧರಿಸುತ್ತಾರಷ್ಟೆ. ಇಲ್ಲಿಯೂ ಅದೇ ಕ್ರಮ. ಆದರೆ ಇಲ್ಲಿನ ಅಕ್ಷರಗಳು ನಾಲ್ಕೇ. ಮಂಗನ ಕಾಯಿಲೆಯ ವೈರಾಣುವಿನಲ್ಲಿ ಅವು ಸುಮಾರು 11,000, ಕೋವಿಡ್ ವೈರಾಣುವಿನಲ್ಲಿ ಸುಮಾರು 30,000, ಮಾನವನಲ್ಲಿ ಸುಮಾರು 300 ಕೋಟಿ. ಕೈಯಿಂದ ಹೋಲಿಸುವುದು ಅಸಾಧ್ಯವಾದುದರಿಂದ ಗಣಕಯಂತ್ರ ಅನಿವಾರ್ಯ. ಕಂಡ ವ್ಯತ್ಯಾಸವು ಆಕಸ್ಮಿಕವೇ ಅರ್ಥಪೂರ್ಣವೇ ಎಂದು ತೀರ್ಮಾನಿಸಲು ಸಂಖ್ಯಾಶಾಸ್ತ್ರವೂ ಅಷ್ಟೇ ಅನಿವಾರ್ಯ.

ಪುಣೆ ವಿಶ್ವವಿದ್ಯಾನಿಲಯದಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ 1987ರಲ್ಲಿಯೇ ಜೀವಮಾಹಿತಿ ಕೇಂದ್ರ ಸ್ಥಾಪನೆಗೊಂಡಿತು. ಮಾನವ ಜೀನೋಮಿನ ಮೊದಲ ಕರಡು 2001ರಲ್ಲಿ ಪ್ರಕಟವಾಗುವುದಕ್ಕೆ ಬಹಳ ಮುಂಚಿನ ಮಾತಿದು. 2014ರಿಂದ ಸಾವಿತ್ರಿಬಾಯಿ ಫುಲೆ ಹೆಸರಿನಲ್ಲಿರುವ ಈ ವಿಶ್ವವಿದ್ಯಾನಿಲಯದ ಎರಡು ವರ್ಷಗಳ ಎಂ.ಎಸ್ಸಿ. ವ್ಯಾಸಂಗಕ್ಕೆ ಜೀವವಿಜ್ಞಾನ ಓದಿದವರೂ ಗಣಿತ, ಗಣಕಶಾಸ್ತ್ರಗಳ ಹಿನ್ನೆಲೆಯವರೂ ಬರುತ್ತಾರೆ. ಮೊದಲ ವರ್ಗದವರಿಗೆ ಕ್ರಮವಿಧಿ ರಚನೆ ಕಠಿಣ. ಎರಡನೆಯವರಿಗೆ ಜೀವಕೋಶವೇ ಒಗಟು. ತನಗೆ ಬಾರದ ಭಾಗವನ್ನು ಮೊದಲ ಷಣ್ಮಾಸದಲ್ಲಿಯೇ ಕಲಿಯದ ವಿದ್ಯಾರ್ಥಿ ಮುಂದೆ ತೊಡಕಿಗೆ ಸಿಲುಕುತ್ತಾನೆ.

ಉದ್ಯೋಗದ ಬಗ್ಗೆ ಉತ್ಪ್ರೇಕ್ಷೆ ಸಲ್ಲದು. 2001ರ ನಂತರದ ಉತ್ಸಾಹದಲ್ಲಿ ದೇಶದ ಅನೇಕ ಕಾಲೇಜುಗಳು ಈ ವಿಷಯದ ಕೋರ್ಸುಗಳನ್ನು ಆರಂಭಿಸಿದವು. ಪದವಿ ಪಡೆದವರೆಲ್ಲರಿಗೂ ನಿರೀಕ್ಷಿಸಿದ ಹುದ್ದೆ ದೊರೆಯಲಿಲ್ಲ. ಅನ್ಯರು ರಚಿಸಿದ ತಂತ್ರಾಂಶವನ್ನು ಚಾಲನೆಗೊಳಿಸುವುದಷ್ಟನ್ನೇ ಬಲ್ಲವರಿಗೆ ಇಂದಿಗೂ ಬೇಡಿಕೆ ಕಡಿಮೆ. ಸಂಖ್ಯಾಶಾಸ್ತ್ರದಲ್ಲಿ ಹಿಡಿತವಿದ್ದು, ಪೈಥಾನ್ ಅಥವಾ ಆರ್ ಭಾಷೆಯಲ್ಲಿ ಸ್ವತಃ ಕ್ರಮವಿಧಿ ಬರೆಯಬಲ್ಲವರಿಗೆ ಲಸಿಕೆ ಮತ್ತು ಔಷಧ ತಯಾರಿಕಾ ಸಂಸ್ಥೆಗಳು, ಅರ್ಬುದ ರೋಗಿಗಳ ಜೀನ್ ಪರೀಕ್ಷೆ ನಡೆಸುವ ಪ್ರಯೋಗಾಲಯಗಳು, ಬೆಳೆ ತಳಿ ಅಭಿವೃದ್ಧಿ ಕೇಂದ್ರಗಳಲ್ಲಿ ಅವಕಾಶವುಂಟು. ಕೋವಿಡ್ ರೂಪಾಂತರಗಳ ಪತ್ತೆಗಾಗಿ ಡಿಸೆಂಬರ್ 2020ರಲ್ಲಿ ರಚಿತವಾದ ಪ್ರಯೋಗಾಲಯ ಒಕ್ಕೂಟದಲ್ಲಿ ಪುಣೆಯ ವೈರಾಣು ಸಂಸ್ಥೆ, ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರಗಳಲ್ಲದೆ ಬೆಂಗಳೂರಿನ ನಿಮ್ಹಾನ್ಸ್ ಸಹ ಸೇರಿತ್ತು.

ಸಂಶೋಧನೆಯನ್ನೇ ವೃತ್ತಿಯಾಗಿ ಬಯಸುವವರಿಗೆ ಎಂ.ಎಸ್ಸಿ. ಪ್ರವೇಶದ್ವಾರ ಮಾತ್ರ, ಮುಂದೆ ಪಿಎಚ್.ಡಿ. ಅಗತ್ಯ. ಇದಕ್ಕೆ ಶಿಷ್ಯವೇತನ ಪಡೆಯಲು ಜೀವವಿಜ್ಞಾನ ವಿಷಯದ ನೆಟ್ ಪರೀಕ್ಷೆ ಒಂದು ಮಾರ್ಗ. ಊರಿನಿಂದ ದೂರ ಹೋಗಲಾಗದವರಿಗೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜೀವಮಾಹಿತಿ ಮತ್ತು ಅನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆಯೂ ಇದೆ. ಎಲ್ಲಿಗೆ ಸೇರುವ ಮುನ್ನವೂ, ಅಂತಿಮ ಷಣ್ಮಾಸದ ಯೋಜನಾಕಾರ್ಯವನ್ನು ಅಲ್ಲಿನ ವಿದ್ಯಾರ್ಥಿಗಳು ಯಾವ ಪ್ರಯೋಗಾಲಯಗಳಲ್ಲಿ ಮಾಡಿದರೆಂದು ಕೇಳಿ ತಿಳಿಯುವುದು ಲೇಸು.