ದಾಳ ಉರುಳಿದರೆ ಕಥೆಯಾದೀತೇ?

ಕಥೆ ಹೇಳುವುದು ಮನುಷ್ಯನಿಗೆ ಮಾತ್ರ ಒಲಿದ ವಿದ್ಯೆಯೇ? ಅಥವಾ ನಿಯಮಗಳನ್ನು ಕಲಿಸಿದರೆ ಯಂತ್ರವೂ ಅದನ್ನು ಸಾಧಿಸಬಲ್ಲುದೇ? ಮೇಜಿನ ಸುತ್ತ ಕುಳಿತು ಆಡುವ ಒಂದು ಆಟದಿಂದ ಈ ಪ್ರಶ್ನೆಯನ್ನು ಚೆನ್ನಾಗಿ ವಿವೇಚಿಸಬಹುದು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವು ಪ್ರಕಟವಾಯಿತು. ಇದರಲ್ಲಿ ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ವೀರನೋ ಮಾಂತ್ರಿಕನೋ ಆಗಿ, ತಾವೇನು ಮಾಡುವೆವೆಂದು ಹೇಳುತ್ತಾರೆ. ಅದು ಕೈಗೂಡಿತೇ ಇಲ್ಲವೇ ಎಂಬುದನ್ನು ಅನೇಕ ವೇಳೆ ದಾಳವು ತೀರ್ಮಾನಿಸುತ್ತದೆ. ಮುಂದಿನ ಕೋಣೆಯಲ್ಲಿ ಇರುವುದು ರಾಕ್ಷಸನೋ ನಿಧಿಯೋ ಎಂಬುದನ್ನು ದಾಳ ಹಾಕಿ ಆರಿಸುವುದಕ್ಕೂ ಕೋಷ್ಟಕಗಳುಂಟು. ದಾಳ, ಕೋಷ್ಟಕ, ನಿಯಮ: ಇವು ಮೂರೂ ಯಂತ್ರಕ್ಕೆ ಸುಲಭವಾಗಿ ಒಗ್ಗುವಂಥವು.

ಈ ಆಟವನ್ನು ಆಡುತ್ತಿದ್ದ ವಿಲ್ ಕ್ರೌದರ್ ಅವರು 1970ರ ದಶಕದ ಮಧ್ಯದಲ್ಲಿ ಗುಹಾಸಾಹಸವೊಂದನ್ನು ಕಂಪ್ಯೂಟರಿಗಾಗಿ ರಚಿಸಿದರು. ಸೂತ್ರಧಾರನ ಸ್ಥಾನದಲ್ಲಿ ಯಂತ್ರವೇ ನಿಂತಿತು. ಆದರೆ ಅದು ಆಡಿದುದು ಮನುಷ್ಯನು ಮೊದಲೇ ಬರೆದಿಟ್ಟ ಮಾತನ್ನು.

ಯಂತ್ರವೇ ಕಥೆ ಕಟ್ಟಬೇಕೆಂಬ ಯತ್ನವು ಬೇರೆಡೆ ನಡೆದಿತ್ತು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಮೀಹನ್ ಅವರು 1976ರಲ್ಲಿ ‘ಟೇಲ್ ಸ್ಪಿನ್’ ಎಂಬುದನ್ನು ರೂಪಿಸಿದರು. ಅದರ ಒಂದು ಕಥೆಯಲ್ಲಿ ಇರುವೆಯೊಂದು ನದಿಗೆ ಬಿದ್ದಿತು. ಅದನ್ನು ಕೆಳಗೆ ಎಳೆದುದು ಗುರುತ್ವಾಕರ್ಷಣ. ಎಳೆದ ಗುರುತ್ವಾಕರ್ಷಣವೂ ನೀರಿನಲ್ಲಿದೆಯೆಂದು ಯಂತ್ರವು ಎಣಿಸಿತು. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ, ಕಾಪಾಡಲು ಸ್ನೇಹಿತರೂ ಇಲ್ಲ. ಆದಕಾರಣ ಗುರುತ್ವಾಕರ್ಷಣವೇ ಮುಳುಗಿ ಸತ್ತಿತು! ನಿಯಮವೇನೋ ತಪ್ಪಲಿಲ್ಲ, ಲೋಕಾನುಭವವಿರಲಿಲ್ಲ, ಅಷ್ಟೆ.

2019ರಲ್ಲಿ ಬಂದ ‘ಎಐ ಡಂಜನ್’ ಮೇಜಿನ ಆಟದ ಮಾದರಿಗೇ ಮರಳಿತು. ಅಪಾರ ಬರಹವನ್ನು ಓದಿ ಕಲಿತ ಈ ಯಂತ್ರವು ನಾವು ಏನು ಹೇಳಿದರೂ ಮುಂದಿನ ಮಾತನ್ನು ಹೊಂದಿಸಬಲ್ಲದಾಗಿತ್ತು. ಆದರೆ ಹಿಂದೆ ತಾನು ಹೇಳಿದುದನ್ನೇ ಮರೆತು ದಾರಿ ತಪ್ಪುತ್ತಿತ್ತು.

ಇಲ್ಲಿಯೇ ಮರ್ಮವಿದೆ. ದಾಳವು ಕೊಡುವುದು ಘಟನೆಯನ್ನು, ಕಥೆಯನ್ನಲ್ಲ. ವೀರನು ಹೊಳೆಗೆ ಬಿದ್ದನೆಂಬುದು ಘಟನೆ. ತಂದೆ ಕೊಟ್ಟ ಕತ್ತಿ ಆ ಹೊಳೆಯಲ್ಲಿ ಹೋಯಿತು, ನಾಳೆ ಅವನು ಬರಿಗೈಯಲ್ಲಿ ಶತ್ರುವನ್ನು ಎದುರಿಸಬೇಕು ಎಂದಾಗ ಅದು ಕಥೆ. ಈ ಬೆಸುಗೆಯನ್ನು ಮಾಡುವವನು ಸೂತ್ರಧಾರ. ಅವನು ಮರೆತರೆ ಕೇಳುವವರು ಜೊತೆಗಾರರು.

ಯಂತ್ರಗಳು ದಿನೇದಿನೇ ಚುರುಕಾಗುತ್ತಿವೆ; ನಾಳೆ ಅವು ಮರೆಯದಿರಲೂಬಹುದು. ಆದರೂ ಮನೆತನದಲ್ಲಿ ಮೊದಲ ಬಾರಿಗೆ ಲೇಖನಿ ಹಿಡಿದ ನಮ್ಮಂಥವರು ಒಂದನ್ನು ನೆನೆಯಬೇಕು. ನಮ್ಮ ಹಿರಿಯರ ಬಾಳು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಬರೆಯದುದನ್ನು ಯಂತ್ರವು ಓದಲಾರದು. ಆ ಬೆಸುಗೆಯ ಕೆಲಸ ನಮ್ಮ ಪಾಲಿಗೇ ಉಳಿದಿದೆ.