ಬೋರ್ಡಿಂಗಿನ ಹೆಡ್‌ಮಾಸ್ಟರು ಬದಲಾದಾಗ

ಮೇ ತಿಂಗಳು ನಮಗೆ ಮಾತೆ ಮರಿಯಮ್ಮನವರ ತಿಂಗಳು. ವರ್ಗಾವಣೆಯ ತಿಂಗಳೂ ಹೌದು. ಧರ್ಮಕ್ಷೇತ್ರದ ಗುರುಗಳಿಗೂ, ಧಾರ್ಮಿಕ ಸಭೆಗಳ ಬ್ರದರ್, ಸಿಸ್ಟರ್‌ಗಳಿಗೂ ಆದೇಶಗಳು ಬರುವುದು ಹೆಚ್ಚಾಗಿ ಆಗಲೇ. ಬೇಸಿಗೆ ರಜೆ ಮುಗಿಸಿ, ಟ್ರಂಕು ಹಾಸಿಗೆ ಹೊತ್ತು, ಮಗನನ್ನು ಬೋರ್ಡಿಂಗಿಗೆ ಬಿಡಲು ಬಂದ ತಂದೆತಾಯಿಗಳು ಆಫೀಸಿನ ಬಾಗಿಲಲ್ಲಿ ನಿಂತು ನೋಡಿದರೆ ಕುರ್ಚಿಯಲ್ಲಿ ಹೊಸ ಮುಖ. "ಹಳೇ ಫಾದರ್ ಎಲ್ಲಿ?" ಎಂದು ಹುಡುಗ ಅಮ್ಮನ ಸೆರಗು ಎಳೆಯುತ್ತಾನೆ. ಅಮ್ಮ ಅಪ್ಪನ ಮುಖ ನೋಡುತ್ತಾಳೆ. ಆ ಗಳಿಗೆಯಲ್ಲಿ ನೀವು ಏನು ಹೇಳುತ್ತೀರಿ ಎಂಬುದರ ಬಗ್ಗೆ ಈ ವಾರ ಸ್ವಲ್ಪ ಯೋಚಿಸೋಣ.

ಮನೆಯಿಂದ ಹೋಗಿ ಬರುವ ಶಾಲೆಯಲ್ಲಿ ಹೆಡ್‌ಮಾಸ್ಟರ್ ಬದಲಾದರೆ ಮಗುವಿಗೆ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ. ಪ್ರಗತಿ ಪತ್ರದ ಕೆಳಗೆ ಸಹಿ ಬದಲಾಗುತ್ತದೆ, ಅಷ್ಟೆ. ಬೋರ್ಡಿಂಗಿನ ಮಾತು ಬೇರೆ. ಅಲ್ಲಿ ರಾತ್ರಿ ಜ್ವರ ಬಂದಾಗ ಹಣೆ ಮುಟ್ಟಿ ನೋಡುವವರು ಅವರು. ಮನೆಗೆ ಫೋನು ಮಾಡಲು ಅಪ್ಪಣೆ ಕೊಡುವವರು ಅವರು. ಯಾವ ಹುಡುಗ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ, ಯಾವನ ಅಪ್ಪ ಫೀಸು ಕಟ್ಟಲಾಗದೆ ಎರಡು ತಿಂಗಳಿಂದ ಮುಖ ತೋರಿಸಿಲ್ಲ, ಇದೆಲ್ಲ ಯಾವ ರಿಜಿಸ್ಟರಿನಲ್ಲೂ ಬರೆದಿರುವುದಿಲ್ಲ. ಆ ಒಬ್ಬರ ತಲೆಯಲ್ಲಿರುತ್ತದೆ. ಅವರು ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ ಅದಷ್ಟೂ ಅವರ ಜೊತೆಯಲ್ಲೇ ಹೋಗುತ್ತದೆ. ಕೊಡಗಿನ ಕಾಫಿ ತೋಟದ ಲೈನ್ ಮನೆಯಿಂದಲೋ, ಕೊಳ್ಳೇಗಾಲದ ಕಡೆಯ ಹಳ್ಳಿಯಿಂದಲೋ ಮೈಸೂರಿಗೆ ಬಂದು ಓದುವ ಮಗುವಿಗೆ ಇದು ಮೇಲಧಿಕಾರಿಯ ಬದಲಾವಣೆಯಲ್ಲ. ಮನೆ ಬಿಟ್ಟು ಬಂದ ಮೇಲೆ ಸಿಕ್ಕ ಇನ್ನೊಂದು ಮನೆಯ ಯಜಮಾನ ಇಲ್ಲವಾದಂತೆ.

ಮಕ್ಕಳು ಈ ದುಃಖವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಭೇಟಿಯ ಭಾನುವಾರ ಸಂದರ್ಶಕರ ಕೋಣೆಯ ಬೆಂಚಿನಲ್ಲಿ ಕೂರಿಸಿಕೊಂಡು "ಹೊಸ ಫಾದರ್ ಹೇಗಿದ್ದಾರೆ?" ಎಂದು ಕೇಳಿ ನೋಡಿ. "ಚೆನ್ನಾಗಿದ್ದಾರೆ" ಎಂಬ ಒಂದೇ ಉತ್ತರ. ಪಕ್ಕದ ಬೆಂಚಿನಲ್ಲಿ ಬೇರೆಯವರಿರುತ್ತಾರೆ, ಬಾಗಿಲ ಬಳಿ ವಾರ್ಡನ್ ನಿಂತಿರುತ್ತಾರೆ, ಮಗು ಇನ್ನೇನು ಹೇಳೀತು? ಮೈಸೂರಿನಲ್ಲಿ ಮಕ್ಕಳನ್ನು ಬಿಟ್ಟಿರುವವರಿಗೆ ನನ್ನದೊಂದು ಸಲಹೆಯಿದೆ. ಅನುಮತಿ ಪಡೆದು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಬಸ್ಸಿನಲ್ಲಿ ಮೇಲೆ ಹೋಗಿ, ಮೆಟ್ಟಿಲುಗಳ ಮೇಲೆ ನಡೆದು ಇಳಿಯಿರಿ. ಸಾವಿರಕ್ಕೂ ಮೀರಿದ ಆ ಮೆಟ್ಟಿಲುಗಳು 17ನೇ ಶತಮಾನದ ದೊಡ್ಡದೇವರಾಜ ಒಡೆಯರ ಕಾಲದವು. ದಾರಿಯಲ್ಲಿ ಸಿಗುವ ಏಕಶಿಲೆಯ ದೊಡ್ಡ ನಂದಿಯೂ ಅವರ ಕಾಲದ್ದೇ. ನಮ್ಮ ಹಿಂದೂ ಬಾಂಧವರಿಗೆ ಅದು ಪುಣ್ಯಕ್ಷೇತ್ರ, ಹತ್ತುವವರಲ್ಲಿ ಹರಕೆ ಹೊತ್ತವರೂ ಇರುತ್ತಾರೆ. ಆ ಮರ್ಯಾದೆಯನ್ನು ಮಕ್ಕಳಿಗೂ ಹೇಳಿಕೊಡಿ. ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗ ಹೊರಡದ ಮಾತು, ಪಕ್ಕದಲ್ಲಿ ಮೆಟ್ಟಿಲು ಎಣಿಸುತ್ತಾ ಇಳಿಯುವಾಗ ತಾನಾಗಿ ಹೊರಡುತ್ತದೆ. ನೀವು ಏನನ್ನೂ ಕೇಳಬೇಡಿ. ಕಡಲೆಕಾಯಿ ಕೊಡಿಸಿ, ಸುಮ್ಮನೆ ನಡೆಯಿರಿ. ಸಂತ ಫಿಲೋಮಿನಾ ದೇವಾಲಯದ ಜೋಡಿ ಗೋಪುರಗಳು ಎಲ್ಲಿ ಕಾಣುತ್ತವೆಂದು ಹುಡುಕಲು ಹೇಳಿ, ಲಲಿತಮಹಲಿನ ಬಿಳಿ ಗುಮ್ಮಟ ತೋರಿಸಿ. ನೂರು ಮೆಟ್ಟಿಲು ಇಳಿಯುವಷ್ಟರಲ್ಲಿ "ಅಪ್ಪಾ, ಹಳೇ ಫಾದರ್ ನನಗೆ ಹೇಳದೇ ಹೋಗಿಬಿಟ್ಟರು" ಎಂದು ಶುರುವಾಗುತ್ತದೆ.

ಹೀಗೆ ಬೆಟ್ಟದ ಮೇಲಿನಿಂದ ನೋಡುವಾಗ ಶ್ರೀಗ್ರಂಥದ ಇನ್ನೊಂದು ಬೆಟ್ಟ ನೆನಪಾಗದಿರದು. ನಲವತ್ತು ವರ್ಷ ಜನರನ್ನು ಮರಳುಗಾಡಿನಲ್ಲಿ ನಡೆಸಿದ ಮೋಶೆ, ನೆಬೋ ಬೆಟ್ಟದ ಮೇಲೆ ನಿಂತು ವಾಗ್ದಾನದ ನಾಡನ್ನು ಕಣ್ಣಾರೆ ಕಂಡರು, ಒಳಗೆ ಕಾಲಿಡಲಿಲ್ಲ. ಅವರ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಅದಕ್ಕೂ ಮುಂಚೆ ಅವರು ಮಾಡಿದ್ದನ್ನು ಸಂಖ್ಯಾಕಾಂಡದ 27ನೇ ಅಧ್ಯಾಯದಲ್ಲಿ ಓದಬೇಕು. ನಿನ್ನ ಕಾಲ ಮುಗಿಯಿತು ಎಂದು ಸರ್ವೇಶ್ವರ ಹೇಳಿದಾಗ ಮೋಶೆ ತಮಗಾಗಿ ಇನ್ನೊಂದು ವರ್ಷ ಕೇಳಲಿಲ್ಲ. ಈ ಜನ ಕುರುಬನಿಲ್ಲದ ಕುರಿಗಳಾಗಬಾರದು, ಇವರಿಗೊಬ್ಬನನ್ನು ನೇಮಿಸಿ ಎಂದು ಕೇಳಿಕೊಂಡರು. ಯೆಹೋಶುವನನ್ನು ಯಾಜಕನ ಮುಂದೆ, ಇಡೀ ಸಮುದಾಯದ ಮುಂದೆ ನಿಲ್ಲಿಸಿ, ಎಲ್ಲರೂ ನೋಡುತ್ತಿರುವಂತೆ ಅವನ ಮೇಲೆ ಕೈಯಿಟ್ಟರು. ರಾತ್ರೋರಾತ್ರಿ ಆದ ಬದಲಾವಣೆಯಲ್ಲ ಅದು. ನಮ್ಮ ಕೆಲವು ಶಾಲೆಗಳಲ್ಲಿ ಹಳಬರು ಒಂದು ದಿನ ಹೋಗಿರುತ್ತಾರೆ, ಹೊಸಬರು ಇನ್ನೊಂದು ದಿನ ಬಂದಿರುತ್ತಾರೆ, ಇಬ್ಬರೂ ಒಟ್ಟಿಗೆ ಮಕ್ಕಳ ಮುಂದೆ ನಿಂತದ್ದೇ ಇಲ್ಲ. ರಜೆಯಲ್ಲಿ ಬದಲಾವಣೆ ಮಾಡುವುದು ಆಡಳಿತಕ್ಕೆ ಅನುಕೂಲವೇನೋ ಸರಿ. ಮಕ್ಕಳ ಮುಂದೆ ಒಮ್ಮೆ ಕೈಯಿಟ್ಟು ಒಪ್ಪಿಸುವುದಕ್ಕೆ ಒಂದು ಬೆಳಗಿನ ಅಸೆಂಬ್ಲಿ ಸಾಕು. ಅದನ್ನು ಕೇಳುವ ಹಕ್ಕು ತಂದೆತಾಯಿಗಳಿಗಿದೆ ಎಂದೇ ನನ್ನ ಅಭಿಪ್ರಾಯ.

ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯದಲ್ಲಿ ಇನ್ನೊಂದು ಸಣ್ಣ ವಿವರವಿದೆ. ಮೋಶೆ ತೀರಿಕೊಂಡಾಗ ಜನ ಮೋವಾಬಿನ ಬಯಲಿನಲ್ಲಿ ಮೂವತ್ತು ದಿನ ದುಃಖಿಸಿದರು. ಅಷ್ಟು ದಿನ ಯಾರೂ ಅವರನ್ನು ಗದರಿಸಲಿಲ್ಲ, ಹೊಸ ನಾಯಕ ಬಂದಾಯಿತಲ್ಲ ಇನ್ನೇಕೆ ಅಳು ಎನ್ನಲಿಲ್ಲ. ಮೂವತ್ತು ದಿನ ಕಳೆದ ಮೇಲೆ ಯೆಹೋಶುವನ ಮಾತು ಕೇಳಿ ನಡೆದರು. ನಿಮ್ಮ ಮಗುವಿಗೂ ಆ ಮೂವತ್ತು ದಿನ ಕೊಡಿ. ಜೂನ್ ತಿಂಗಳಿಡೀ ಅವನು ಹಳೇ ಫಾದರ್ ಹೆಸರು ಹೇಳಿದರೆ ಹೇಳಲಿ. "ಆ ಮಾತು ಬಿಡು, ಈಗ ಇವರೇ ನಿನಗೆ ಎಲ್ಲ" ಎಂದು ಬಾಯಿ ಮುಚ್ಚಿಸಿದರೆ, ಹೋದವರನ್ನು ಪ್ರೀತಿಸಿದ್ದು ತಪ್ಪು ಎಂದು ಅವನಿಗೆ ಹೇಳಿದಂತಾಗುತ್ತದೆ. ಮಿಲೇತದಲ್ಲಿ ಸಂತ ಪೌಲರನ್ನು ಬೀಳ್ಕೊಟ್ಟ ಎಫೆಸದ ಹಿರಿಯರು (ಪ್ರೇಷಿತರ ಕಾರ್ಯಕಲಾಪಗಳು 20) ದೊಡ್ಡ ದೊಡ್ಡವರು. ಕೊರಳಿಗೆ ಬಿದ್ದು ಅತ್ತರು. ಅತ್ತು, ಹಡಗಿನ ತನಕ ಹೋಗಿ ಕಳಿಸಿಕೊಟ್ಟರು. ಹಡಗಿಗೆ ಅಡ್ಡ ನಿಲ್ಲಲಿಲ್ಲ.

ಅಡ್ಡ ನಿಲ್ಲುವ ವಿಚಾರ ಬಂದದ್ದರಿಂದ ಹೇಳುತ್ತೇನೆ. ವರ್ಗಾವಣೆ ರದ್ದು ಮಾಡಿ ಎಂದು ಧರ್ಮಾಧ್ಯಕ್ಷರಿಗೂ ಪ್ರೊವಿನ್ಶಿಯಲರಿಗೂ ಸಹಿ ಸಂಗ್ರಹಿಸಿ ಕಳಿಸುವುದು ನಮ್ಮಲ್ಲಿ ಹೊಸದೇನಲ್ಲ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಆ ಮನವಿಯ ಮೊದಲ ಪೆಟ್ಟು ಬೀಳುವುದು ಇನ್ನೂ ಬಂದಿಳಿಯದ ಹೊಸಬರ ಮೇಲೆ. ಅವರು ಬರುವ ಮೊದಲೇ ಮಕ್ಕಳ ಕಿವಿಗೆ "ಇವರು ಬೇಡವಾದವರು" ಎಂದು ಬಿದ್ದಿರುತ್ತದೆ. ಒಬ್ಬರೇ ಒಂದು ಕುರ್ಚಿಯಲ್ಲಿ ಬೇರೂರಬಾರದೆಂಬ ಎಚ್ಚರ ಧರ್ಮಸಭೆಗೆ ಹಳೆಯದು. 1983ರ ಕಾನೂನು ಸಂಹಿತೆಯ 624ನೇ ವಿಧಿ, ಧಾರ್ಮಿಕ ಸಭೆಗಳ ಮಠಾಧಿಕಾರಿಗಳನ್ನು ಗೊತ್ತಾದ ಅವಧಿಗೆ ನೇಮಿಸಬೇಕು, ಬಹುಕಾಲ ಬಿಡುವಿಲ್ಲದೆ ಅಧಿಕಾರದಲ್ಲಿ ಇರಿಸಬಾರದು ಎನ್ನುತ್ತದೆ. ವಿಧಿ ಹೇಳುವುದು ಮಠಾಧಿಕಾರಿಗಳ ಬಗ್ಗೆ, ಹೆಡ್‌ಮಾಸ್ಟರುಗಳ ಬಗ್ಗೆ ಅಲ್ಲ. ಆದರೂ ಸಭೆಗಳು ನಡೆಸುವ ಶಾಲೆಗಳಲ್ಲಿ ಬದಲಾವಣೆ ಪದೇ ಪದೇ ಬರುವುದರ ಹಿಂದೆ ಇದೇ ಮನೋಭಾವವಿದೆ.

ಒಬ್ಬರಲ್ಲ, ಇಡೀ ಸಭೆಯೇ ಕೈಬಿಟ್ಟು ಒಪ್ಪಿಸಿದ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. ಸಂತ ಜೋಸೆಫರ ಕಾಲೇಜನ್ನು 1882ರಲ್ಲಿ ಆರಂಭಿಸಿದವರು ಪ್ಯಾರಿಸ್ ವಿದೇಶಿ ಧರ್ಮಪ್ರಚಾರ ಸಂಸ್ಥೆಯ ಫ್ರೆಂಚ್ ಗುರುಗಳು. ಐವತ್ತೈದು ವರ್ಷ ಅದನ್ನು ಸಾಕಿ ಬೆಳೆಸಿ, 1937ರಲ್ಲಿ ಯೇಸುಸಭೆಯ ಗುರುಗಳಿಗೆ ವಹಿಸಿಕೊಟ್ಟರು. ಅಷ್ಟು ವರ್ಷ ಕಟ್ಟಿದ್ದನ್ನು ಬೇರೆ ಸಭೆಯವರ ಕೈಗಿಡುವುದು ಸುಲಭದ ಮಾತೇ? ಕೊರಿಂಥದವರು ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಪಂಗಡ ಕಟ್ಟಿಕೊಂಡಾಗ ಸಂತ ಪೌಲರು ಕೊಟ್ಟ ಉತ್ತರ ನಿಮಗೆ ಗೊತ್ತೇ ಇದೆ: ತಾವು ಗಿಡ ನೆಟ್ಟವರು, ಅಪೊಲ್ಲೋಸ ನೀರೆರೆದವನು, ಬೆಳೆಸಿದವರು ದೇವರು (1 ಕೊರಿಂಥ 3). ನೆಟ್ಟವನು ತೋಟ ಬಿಟ್ಟು ಹೋಗದಿದ್ದರೆ ನೀರೆರೆಯುವವನಿಗೆ ಬಾಗಿಲೇ ಇಲ್ಲ.

ಇನ್ನು ಬಂದವರ ವಿಷಯ. ಹೊಸ ಹೆಡ್‌ಮಾಸ್ಟರು ಬಂದ ಹದಿನೈದು ದಿನದಲ್ಲಿ ಮಕ್ಕಳ ಮೊದಲ ದೂರು ಯಾವಾಗಲೂ ಊಟದ್ದೇ. ಸಾಂಬಾರು ನೀರಾಯಿತು, ಭಾನುವಾರದ ಬಿರಿಯಾನಿ ನಿಂತಿತು, ಟೀವಿ ಅರ್ಧ ಗಂಟೆ ಕಡಿಮೆಯಾಯಿತು. ನಗಬೇಡಿ, ಯೆಹೋಶುವನ ಕಾಲದಲ್ಲೂ ಊಟ ಬದಲಾಯಿತು! ಗಿಲ್ಗಾಲಿನಲ್ಲಿ ಜನ ಆ ನಾಡಿನ ಧಾನ್ಯ ತಿಂದ ಮಾರನೆಯ ದಿನವೇ ಮನ್ನ ಬೀಳುವುದು ನಿಂತಿತು (ಯೆಹೋಶುವ 5). ಹಳಬರ ಕಾಲದ್ದು ಹಳಬರ ಜೊತೆ ಹೋಗುತ್ತದೆ. ಮೋಶೆಯ ಕೋಲು ಯೆಹೋಶುವನ ಕೈಗೆ ಬರಲಿಲ್ಲ. ಅವನು ತನ್ನ ರೀತಿಯಲ್ಲೇ ನಡೆಸಿದ. ಆದ್ದರಿಂದ ಊಟದ ದೂರನ್ನು ಕೇಳಿಕೊಳ್ಳಿ, ಅದರ ಮೇಲೆ ತೀರ್ಪು ಕೊಡಬೇಡಿ. ದೀಪಾವಳಿಯವರೆಗಾದರೂ ಕಾಯಿರಿ.

ಸಂತ ಡಾನ್ ಬೋಸ್ಕೊ ಅವರ ನಂತರ ಬಂದ ಮೈಕಲ್ ರುವಾ ಅವರ ಕಥೆಯನ್ನು ಇಲ್ಲಿ ಹೇಳಲೇಬೇಕು. ಟ್ಯೂರಿನಿನಲ್ಲಿ ಡಾನ್ ಬೋಸ್ಕೊ ಬಡ ಹುಡುಗರಿಗಾಗಿ ನಡೆಸುತ್ತಿದ್ದ ಮನೆಯಲ್ಲಿ ನೂರಾರು ಮಕ್ಕಳಿದ್ದರು. 1884ರ ಮೇ 10ರಂದು ಅವರು ರೋಮಿನಿಂದ ಆ ಮನೆಗೊಂದು ಪತ್ರ ಬರೆದರು. ಕನಸಿನಲ್ಲಿ ಎರಡು ಆಟದ ಮೈದಾನ ಕಂಡರಂತೆ. ಒಂದರಲ್ಲಿ ಹಿಂದಿನ ದಿನಗಳು: ಗುರುಗಳೂ ಹುಡುಗರೂ ಒಟ್ಟಿಗೆ ಓಡಾಟ, ನಗು. ಇನ್ನೊಂದರಲ್ಲಿ ಇಂದಿನದು: ಹುಡುಗರು ಗೋಡೆಗೊರಗಿ ಮಂಕಾಗಿದ್ದಾರೆ, ಗುರುಗಳು ದೂರದಲ್ಲಿ ತಮ್ಮತಮ್ಮಲ್ಲೇ ಮಾತಾಡುತ್ತಿದ್ದಾರೆ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಿದ್ದಾರೆಂದು ಮಕ್ಕಳಿಗೆ ತಿಳಿಯಬೇಕು ಎಂಬುದು ಆ ಪತ್ರದ ತಿರುಳು. 1888ರ ಜನವರಿ 31ರಂದು ಡಾನ್ ಬೋಸ್ಕೊ ತೀರಿಕೊಂಡರು. ಅಂಥವರ ಜಾಗಕ್ಕೆ ಬಂದದ್ದು ಅದುವರೆಗೆ ಮನೆಯ ಲೆಕ್ಕಪತ್ರ, ಶಿಸ್ತು ನೋಡಿಕೊಳ್ಳುತ್ತಿದ್ದ ರುವಾ. ನೆಚ್ಚಿನ ತಂದೆ ಹೋಗಿ ಶಿಸ್ತಿನ ಮೇಷ್ಟ್ರು ಬಂದರೆ ಹುಡುಗರ ಪಾಡೇನು, ಯೋಚಿಸಿ. ಆದರೆ ಆ ರುವಾ ಕೂಡ ಅದೇ ಊರಿನ ಬಾಲಕ. ಚಿಕ್ಕಂದಿನಲ್ಲಿ ಡಾನ್ ಬೋಸ್ಕೊ ತಮ್ಮ ಅಂಗೈಯನ್ನು ಅರ್ಧ ಕತ್ತರಿಸಿ ಕೊಡುವಂತೆ ಸನ್ನೆ ಮಾಡಿ, ಮುಂದೆ ಎಲ್ಲದರಲ್ಲೂ ನಾವಿಬ್ಬರೂ ಸಮಪಾಲು ಎಂಬ ಅರ್ಥದಲ್ಲಿ ಮಾತಾಡಿದ್ದು ಅವರ ಮನಸ್ಸಿನಲ್ಲಿ ಉಳಿದಿತ್ತು. ಬಿಗಿಯಾಗಿದ್ದ ಮನುಷ್ಯ ಹೊಸ ಜವಾಬ್ದಾರಿ ಬಂದ ಮೇಲೆ ಮೆತ್ತಗಾದರು ಎಂದು ಅವರನ್ನು ಬಲ್ಲವರು ನೆನೆಯುತ್ತಿದ್ದರು. 1910ರಲ್ಲಿ ಸಾಯುವವರೆಗೂ ಆ ಸಭೆಯನ್ನು ನಡೆಸಿದರು. 1972ರಲ್ಲಿ ಧರ್ಮಸಭೆ ಅವರನ್ನು ಧನ್ಯರೆಂದು ಸಾರಿತು. ಮೊದಲ ದಿನದ ಮುಖ ನೋಡಿ ಯಾರನ್ನೂ ಅಳೆಯಲಾಗದು.

ಹೊಸದಾಗಿ ಬಂದ ಗುರುಗಳು ಯಾರಾದರೂ ಈ ಪುಟ ಓದುತ್ತಿದ್ದರೆ ಅವರಿಗೆ ನಾನು ಹೇಳುವಂಥದ್ದೇನಿಲ್ಲ. ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 64ನೇ ಅಧ್ಯಾಯದಲ್ಲಿ ಹೊಸ ಮಠಾಧಿಪತಿಗೆ ಹೇಳಿದ್ದನ್ನು ನೆನಪಿಸುತ್ತೇನೆ: ತುಕ್ಕು ಉಜ್ಜುವ ಭರದಲ್ಲಿ ಪಾತ್ರೆಯನ್ನೇ ತೂತು ಮಾಡಬಾರದೆಂದು. ಅಪ್ಪನಿಗಿಂತ ಬಿಗಿ ಎಂದು ತೋರಿಸಹೊರಟ ರೆಹಬ್ಬಾಮ ಹಿರಿಯರ ಮಾತು ತಳ್ಳಿ ಹತ್ತು ಗೋತ್ರ ಕಳೆದುಕೊಂಡ.

ಇಷ್ಟೆಲ್ಲ ಹೇಳಿದ ಮೇಲೆ, ಇದರ ಇನ್ನೊಂದು ಮಗ್ಗುಲನ್ನು ಮುಚ್ಚಿಡುವುದು ಸರಿಯಲ್ಲ. ಎಲ್ಲ ಮಕ್ಕಳೂ ಅಳುವುದಿಲ್ಲ. ಕೆಲವರಿಗೆ ಹಳಬರು ಹೋದದ್ದು ನಿರಾಳ. ಮೆಟ್ಟಿಲು ಇಳಿಯುವಾಗ ನಿಮ್ಮ ಮಗ "ಅವರು ಹೋದದ್ದೇ ಒಳ್ಳೇದಾಯ್ತು" ಎಂದರೆ, "ಛೀ, ಗುರುಗಳ ಬಗ್ಗೆ ಹಾಗನ್ನಬಾರದು" ಎಂದು ಬಾಯಿ ಹೊಡೆಯಬೇಡಿ. ನಿಂತುಕೊಳ್ಳಿ. ಯಾಕೆ ಎಂದು ಮೆಲ್ಲಗೆ ಕೇಳಿ. ಗಣಿತದ ಪೆಟ್ಟಿನ ಸಿಟ್ಟಿರಬಹುದು. ಅದಕ್ಕಿಂತ ದೊಡ್ಡದೂ ಇರಬಹುದು. ಹಾಗೆಯೇ ಹೊಸಬರು ಬಂದ ಮೇಲೆ ಮಗು ಮಾತು ಕಡಿಮೆ ಮಾಡಿದರೆ, ರಜೆ ಮುಗಿದಾಗ ವಾಪಸು ಹೋಗಲಾರೆನೆಂದು ಹಟ ಹಿಡಿದರೆ, ಬರೀ ಹೊಂದಿಕೊಳ್ಳುವ ಕಷ್ಟ ಎಂದು ತಳ್ಳಿಹಾಕಬೇಡಿ. ಗೌರವ ಬೇರೆ, ಕಣ್ಣು ಮುಚ್ಚಿಕೊಳ್ಳುವುದು ಬೇರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಶಾಲೆಯ ಹೆಸರು, ಸಭೆಯ ಹೆಸರು ಅದಕ್ಕೆ ಅಡ್ಡ ಬರುವಂತಿಲ್ಲ. ಇಂಥ ದೂರುಗಳನ್ನು ಸ್ವೀಕರಿಸುವ ವ್ಯವಸ್ಥೆ ಪ್ರತಿ ಧರ್ಮಕ್ಷೇತ್ರದಲ್ಲೂ ಇರಬೇಕೆಂದು 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಆಜ್ಞೆ ಹೊರಡಿಸಿದರು. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಮಗುವಿನ ನೋಟುಬುಕ್ಕಿನ ಹಿಂದೆ ನಿಮ್ಮ ಕೈಯಾರೆ ಬರೆದುಕೊಡಿ. ಇದನ್ನು ನಂಬಿಕೆಯ ಕೊರತೆ ಎಂದು ಯಾವ ಒಳ್ಳೆಯ ಹೆಡ್‌ಮಾಸ್ಟರೂ ತಿಳಿಯುವುದಿಲ್ಲ.

ಈ ವಾರ ಸಂಜೆಯ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಕೂತು ಸಂಖ್ಯಾಕಾಂಡ 27ನೇ ಅಧ್ಯಾಯದ 12ರಿಂದ 23ನೇ ವಚನದವರೆಗೆ ಓದಿ. ಓದುವವರು ಮಕ್ಕಳೇ ಆಗಲಿ. ಮಗ ಬೋರ್ಡಿಂಗಿನಲ್ಲಿದ್ದರೆ ಅವನ ತಂಗಿಯೋ ತಮ್ಮನೋ ಓದಲಿ. ಆಮೇಲೆ ಎರಡು ಕಾಗದ ಬರೆಯಿರಿ. ಮೊಬೈಲಿನ ಕಾಲದಲ್ಲಿ ಕಾಗದವೇ ಎನ್ನಬೇಡಿ, ಮೆಸೇಜು ಅಳಿಸಿಹೋಗುತ್ತದೆ. ಒಂದು, ಹೋದ ಗುರುಗಳಿಗೆ, ಅವರ ಹೊಸ ವಿಳಾಸಕ್ಕೆ, ನಿಮ್ಮ ಮಗುವಿಗೆ ಅವರು ಮಾಡಿದ ಒಂದೇ ಒಂದು ಉಪಕಾರವನ್ನು ಹೆಸರಿಸಿ. ಇನ್ನೊಂದು, ಬಂದವರಿಗೆ. ಅದರಲ್ಲಿ ಹೊಗಳಿಕೆ ಬೇಡ, ಸ್ವಾಗತ ಭಾಷಣ ಬೇಡ. ರಿಜಿಸ್ಟರಿನಲ್ಲಿಲ್ಲದ್ದನ್ನು ಬರೆಯಿರಿ: ನಮ್ಮ ಹುಡುಗನಿಗೆ ಕತ್ತಲೆಂದರೆ ಹೆದರಿಕೆ, ಕೇಳದೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದಿಲ್ಲ, ಅವನ ಅಜ್ಜಿ ತೀರಿಕೊಂಡು ಇನ್ನೂ ಆರು ತಿಂಗಳಾಗಿಲ್ಲ.